ಒಂದು ಗಂಟೆಗೆ ಖಾಲಿಯಾದ ಸಾಲು

ಹಿರಿಯೂರು
ಭಾನುವಾರ, ೧೨ ಫೆಬ್ರವರಿ ೧೯೭೮

ಪ್ರೀತಿಯ ನಿಮಗೆ,

ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ "ಪರವಾಗಿಲ್ಲ" ಅಂತ ಒಂದೇ ಮಾತು ಬರೆದು ಮುಗಿಸಿದ್ದೀರಿ. ನನಗೆ ಅದು ಸಾಲದು. ಯಂತ್ರಕ್ಕೆ ತಂಪು ಬೇಕು ಅಂತ ನೀವು ಇಡೀ ದಿನ ಆ ತಣ್ಣನೆ ಕೋಣೆಯಲ್ಲಿ ಕೂರುತ್ತೀರಿ, ಸ್ವೆಟರ್ ಮಾತ್ರ ಟ್ರಂಕಿನಲ್ಲೇ ಇರುತ್ತದೆ. ಎಂಟು ತಿಂಗಳು ಮುಂಬಯಿಯಲ್ಲಿ ಜೊತೆಗಿದ್ದು ನೋಡಿದವಳು ನಾನು, ನನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ದಯವಿಟ್ಟು ಹಾಕಿಕೊಳ್ಳಿ. ಅತ್ತೆಯವರು ಚೆನ್ನಾಗಿದ್ದಾರೆ. ನಾನು ಮುಂಬಯಿ ಬಿಟ್ಟು ಬರಲು ಕಾರಣವಾದ, ಬಚ್ಚಲ ಕಲ್ಲಿನ ಮೇಲೆ ಜಾರಿ ಮುರಿದುಕೊಂಡ ಕಾಲು ಕೂಡಿಕೊಂಡಿದೆ, ಈಗ ಕೋಲಿಲ್ಲದೆ ಬೀದಿ ಕೊನೆಯವರೆಗೂ ಹೋಗಿ ಬರುತ್ತಾರೆ. ಬರುವಾಗ ಇಬ್ಬರು ಮೂವರನ್ನು ಮಾತಿಗೆ ಹಿಡಿದುಕೊಂಡೇ ಬರುತ್ತಾರೆ. ಈಗಲೂ ನನ್ನ ಎದುರಿಗೇ ಬಾಗಿಲ ಹತ್ತಿರ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾರೆ. "ಹಾಲಸ್ವಾಮಿಗೆ ಮೆಣಸಿನ ಕಷಾಯ ಕುಡಿ ಅಂತ ಬರೆದ್ಯಾ?" ಅಂತ ಎರಡು ಸಲ ಕೇಳಿದರು. ಬರೆದಿದ್ದೇನೆ, ಕುಡಿಯಿರಿ.

ಈ ಕಾಗದ ಉದ್ದವಾಗುತ್ತದೆ. ಬರೆದದ್ದನ್ನೆಲ್ಲ ಸಂಜೆ ಓದಿ ಹೇಳಬೇಕು ಅಂತ ಅತ್ತೆಯವರ ಆಜ್ಞೆ. ಆಸ್ಪತ್ರೆಯಲ್ಲಿ ಸೊಸೆ ಏನೋ ರಂಪ ಮಾಡಿದಳು ಅನ್ನುವುದು ಬೀದಿಯಲ್ಲಿ ಅವರ ಕಿವಿಗೆ ಬಿದ್ದಿದೆ, ನನ್ನ ಬಾಯಿಂದಲೇ ಪೂರ್ತಿ ಕೇಳಬೇಕಂತೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಅವರಿಗೆ ತಿಳಿಯುವ ಹಾಗೆ ಮೊದಲಿನಿಂದ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಟ್ರಸ್ಟಿನ ಕಣ್ಣಿನ ಆಸ್ಪತ್ರೆಯ ಕಾರ್ಯದರ್ಶಿ ಪಂಚಾಕ್ಷರಪ್ಪನವರು ಸೆಪ್ಟೆಂಬರಿನಲ್ಲಿ ಮನೆಗೆ ಬಂದು, "ಲೆಕ್ಕದಲ್ಲಿ ಎಮ್ಮೆಸ್ಸಿ ಮಾಡಿದೀಯ, ಗಂಡ ನೋಡಿದ್ರೆ ಕಂಪ್ಯೂಟರಿನಾಗೇ ಅದಾನೆ, ನಮ್ಮ ಸಾಲಿಗೊಂದು ದಾರಿ ಹೇಳಮ್ಮ" ಅಂತ ಕೇಳಿದ್ದು ನಿಮಗೆ ನೆನಪಿರಬೇಕು. ಬೆಳಗ್ಗೆ ಒಂಬತ್ತಕ್ಕೆ ಚೀಟಿ ಕಿಟಕಿ ತೆಗೆಯುತ್ತಾರೆ, ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತಾರೆ. ಇರುವವರು ಒಬ್ಬರೇ ಡಾಕ್ಟರು. ಅಷ್ಟು ಹೊತ್ತು ಸಾಕೇ, ಮಧ್ಯಾಹ್ನವೂ ತೆಗೆಯಬೇಕೇ, ಇದನ್ನು ಅಂದಾಜಿನ ಮೇಲೆ ಹೇಳದೆ ಗಟ್ಟಿಯಾಗಿ ಹೇಳಬೇಕಾಗಿತ್ತು. ನಾನು ಒಪ್ಪಿಕೊಂಡೆ. ಸಿಮುಲಾ ಅನ್ನುವ ಕಂಪ್ಯೂಟರ್ ಭಾಷೆ ಇಂಥದ್ದಕ್ಕೇ ಹುಟ್ಟಿದ್ದು ಅಂತ ನೀವೇ ಕಲಿಸುವಾಗ ಹೇಳಿದ್ದಿರಿ. ಅದರಲ್ಲಿ ಬರೀ ಅಂಕಿ ಬರೆಯುವುದಿಲ್ಲ, ಮನುಷ್ಯರನ್ನೇ ಬರೆಯಬಹುದು. ಒಬ್ಬೊಬ್ಬ ರೋಗಿಯೂ ಅದರೊಳಗೆ ಒಂದೊಂದು ಜೀವ: ಯಾವ ಊರಿಂದ ಬಂದ, ಎಷ್ಟು ಹೊತ್ತಿಗೆ ಬಂದ, ಡಾಕ್ಟರ ಹತ್ತಿರ ಎಷ್ಟು ನಿಮಿಷ ಬೇಕು, ಎಲ್ಲ ಅವನ ಜೊತೆಗೇ ಇರುತ್ತದೆ. ಡಾಕ್ಟರೂ ಒಂದು ಜೀವ. ನಡುವೆ ಒಂದು ಪಟ್ಟಿ. ಅದಕ್ಕೆ ಇಷ್ಟೇ ಜನ ಅಂತ ಕಟ್ಟಳೆಯಿಲ್ಲ, ಬಂದಷ್ಟೂ ಬೆಳೆಯುತ್ತದೆ, ಕರೆದಷ್ಟೂ ಕುಗ್ಗುತ್ತದೆ. ಒಂದು ಗಂಟೆಗೆ ಆ ಪಟ್ಟಿ ಪೂರ್ತಿ ಖಾಲಿಯಾಗಬೇಕು, ಮರುದಿನ ಬೆಳಗ್ಗೆ ಹೊಸದಾಗಿ ತುಂಬಬೇಕು. ಇಲ್ಲಿ ಹಾಳೆಯ ಮೇಲೆ ನಾನು ಬರೆಯುವುದು, ಅಲ್ಲಿ ನೀವು ಅದನ್ನು ಕಾರ್ಡಿನಲ್ಲಿ ತೂತು ಹೊಡೆಸಿ ಯಂತ್ರಕ್ಕೆ ಕೊಡುವುದು, ಅಚ್ಚಾಗಿ ಬಂದದ್ದನ್ನು ಟಪಾಲಿಗೆ ಹಾಕುವುದು. ಹೋಗಿ ಬರಲು ಹನ್ನೆರಡು ದಿನ. ನಾನು ಒಂದು ತಪ್ಪು ಮಾಡಿದರೆ ಅದು ತಪ್ಪು ಅಂತ ಗೊತ್ತಾಗಲು ಹನ್ನೆರಡು ದಿನ ಕಾಯಬೇಕು.

ಮೊದಲಿನ ತಪ್ಪು ನಿಮಗೆ ಮರೆತಿರಲಾರದು, ನೀವು ನಕ್ಕದ್ದು ಅಕ್ಷರದಲ್ಲೇ ಕೇಳಿಸಿತ್ತು. ಒಂದು ಗಂಟೆಗೆ ಸಾಲು ಖಾಲಿ ಮಾಡಲು, ಮೊದಲು ನಿಂತವನನ್ನು ಪಟ್ಟಿಯಿಂದ ಬಿಡಿಸು, ಆಮೇಲೆ ಅವನ ಹಿಂದೆ ಯಾರಿದ್ದಾರೆ ಅಂತ ಅವನನ್ನೇ ಕೇಳಿ ಮುಂದಕ್ಕೆ ಹೋಗು ಅಂತ ಬರೆದಿದ್ದೆ. ಪಟ್ಟಿಯಿಂದ ಬಿಟ್ಟವನಿಗೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅವನು "ನನ್ನ ಹಿಂದೆ ಯಾರೂ ಇಲ್ಲ" ಅಂದ, ಯಂತ್ರ ಅಲ್ಲಿಗೇ ನಿಂತಿತು. ದಿನಕ್ಕೆ ಒಬ್ಬನೇ ಹೋಗುತ್ತಿದ್ದ, ಮಿಕ್ಕವರೆಲ್ಲ ಹಾಗೇ ನಿಂತಿರುತ್ತಿದ್ದರು. ಯಂತ್ರದೊಳಗಿನ ಮೂವತ್ತನೇ ದಿನಕ್ಕೆ ಸಾಲಿನಲ್ಲಿ ಏಳುನೂರ ಎಂಬತ್ತು ಜನ. ಎರಡನೇ ಸಲ, ಈ ಬಿಡಿಸುವ ಗೋಜೇ ಬೇಡ, ಬೆಳಗ್ಗೆ ಹೊಸ ಪಟ್ಟಿಯನ್ನೇ ತಂದುಬಿಡೋಣ ಅಂತ ಜಾಣತನ ಮಾಡಿದೆ. ಕಿಟಕಿಯವನು ಹೊಸ ಪಟ್ಟಿಗೆ ಜನರನ್ನು ಸೇರಿಸುತ್ತಾ ಹೋದ. ಡಾಕ್ಟರಿಗೆ ಮಾತ್ರ ಪಟ್ಟಿ ಬದಲಾದದ್ದನ್ನು ಹೇಳಿದವರೇ ಇಲ್ಲ. ಅವರು ಮೊದಲ ದಿನದ ಪಟ್ಟಿಯನ್ನೇ ಕೈಯಲ್ಲಿ ಹಿಡಿದು, ಅದರಲ್ಲಿ ಉಳಿದಿದ್ದವರನ್ನು ಮುಗಿಸಿ, ಆಮೇಲೆ ತಿಂಗಳೆಲ್ಲ ಸುಮ್ಮನೆ ಕೂತಿದ್ದರು. ಆಗ ನೀವು ಬರೆದಿರಿ: ಪಟ್ಟಿ ಅದೇ ಇರಲಿ, ಒಳಗಿರುವವರನ್ನು ಮಾತ್ರ ತೆಗೆ, ಅದಕ್ಕೆ "ಕ್ಲಿಯರ್" ಅಂತ ಒಂದೇ ಪದ ಇದೆ, ನೀನು ಕೈಯಾರೆ ಮಾಡುವುದೇನೂ ಬೇಡ.

ಒಂದೇ ಪದ. ಬರೆದೆ. ಡಿಸೆಂಬರ್ ಕೊನೆಗೆ ಅಚ್ಚಾದ ಹಾಳೆಗಳ ನಿಮ್ಮ ಕಟ್ಟು ಬಂತು. ಎಷ್ಟು ಚೆಂದದ ಅಂಕಿಗಳು. ಡಾಕ್ಟರನ್ನು ಕಂಡವರು ಕಾದ ಸರಾಸರಿ ಹೊತ್ತು ಒಂದು ಗಂಟೆ ಐವತ್ತು ನಿಮಿಷ. ದಿನದ ಕೊನೆಗೆ ಸಾಲಿನಲ್ಲಿ ಉಳಿದವರು ಸೊನ್ನೆ. ಮೂವತ್ತು ದಿನಕ್ಕೂ ಸೊನ್ನೆ, ಒಂದರ ಕೆಳಗೊಂದು, ಪೋಣಿಸಿದ ಹಾಗೆ. ಪಂಚಾಕ್ಷರಪ್ಪನವರು ಕನ್ನಡಕ ಹಣೆಗೇರಿಸಿ ಆ ಸೊನ್ನೆಗಳ ಮೇಲೆ ಬೆರಳಾಡಿಸಿದರು. ಒಂದು ಗಂಟೆಗೆ ಉಳಿದವರು ಮನೆಗೆ ಹೋಗುತ್ತಾರೆ ಸಾರ್, ಅದಕ್ಕೇ ಸೊನ್ನೆ ಅಂತ ನಾನು ಹೇಳಿದ್ದು ನಿಜ. ಅವರು "ಹೋದೋರು ನಾಳೆ ಬರ್ತಾರೆ ಬಿಡಮ್ಮ, ಎಲ್ಲಿಗೆ ಹೋಗ್ತಾರೆ" ಅಂದರು. ನಾನು ತಲೆಯಾಡಿಸಿದೆ. ನಾನು ಬರೆದಿದ್ದ ನಾಳೆಯಲ್ಲಿ ಅವರು ಇರಲಿಲ್ಲ, ಬರುವವರೆಲ್ಲ ಹೊಸಬರೇ ಆಗಿದ್ದರು. ಅದು ಆ ಕ್ಷಣದಲ್ಲೇ ನನಗೆ ಹೊಳೆಯಬೇಕಿತ್ತು. ಅಷ್ಟು ಹೊತ್ತಿಗೆ ಅವರು ಬೆನ್ನು ತಟ್ಟಿ, ಈ ವರದಿಯನ್ನು ಬೈಂಡ್ ಮಾಡಿಸಿ ಟ್ರಸ್ಟಿನ ಸಭೆಗೆ ಇಡುತ್ತೇನೆ, ಮಧ್ಯಾಹ್ನದ ಕಿಟಕಿಯ ಮಾತೇ ಬೇಡ ಅಂತ ಹೇಳುತ್ತಿದ್ದರು. ಹೊಗಳಿಕೆ ಕೇಳಿಸಿಕೊಳ್ಳುವುದು ಹಿತವಾಗಿತ್ತು. ನಿಮಗೆ ಮರೆಮಾಚಿ ಏನು ಪ್ರಯೋಜನ.

ಜನವರಿ ಎರಡನೇ ವಾರ ಯಾವುದೋ ಸಣ್ಣ ಅಂಕಿ ಸರಿಮಾಡಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಕೊಡುವ ಕಾಂಪೌಂಡರ್ ನಾಗಣ್ಣ ಸರಿಯಾಗಿ ಒಂದಕ್ಕೆ ಕಿಟಕಿ ಎಳೆದ. ಹೊರಗೆ ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ಯಾರೂ ಗಲಾಟೆ ಮಾಡಲಿಲ್ಲ. ಸೆರಗು ಕೊಡವಿಕೊಂಡು, ಬುತ್ತಿಗಂಟು ಎತ್ತಿಕೊಂಡು ಹೊರಟರು. ಒಬ್ಬ ಹೆಂಗಸು ಮಾತ್ರ ಕಿಟಕಿಯ ಹಲಗೆ ಮೇಲೆ ಕೈಯಿಟ್ಟು ನಿಂತಿದ್ದಳು. ಧರ್ಮಪುರದ ಕಡೆಯ ಕಾಟಮ್ಮ, ಕುರಿ ಸಾಕುವವರ ಮನೆಯವಳು. "ಯಪ್ಪಾ, ಮೂರು ಸಲ ಬಂದು ಹೋದ್ವಿ. ಈಗ ನಮ್ಮ ಮನೆಯಾತ ನಾ ಬರಾಕಿಲ್ಲ ಅಂತ ಕುಂತ್ಬಿಟ್ಟವ್ನೆ. ಹಚ್ಚಾಕೆ ಮುಲಾಮಾದ್ರೂ ಕೊಡ್ರಿ" ಅಂತ ಕೇಳುತ್ತಿದ್ದಳು. ನೋಡದೆ ಹೇಗೆ ಕೊಡಲಿ ತಾಯಿ ಅಂತ ನಾಗಣ್ಣ. ಅವನು ಒರಟನಲ್ಲ, ಅವನ ಮಾತೂ ಸರಿಯೇ. ಮೂರು ಸಲ ಅನ್ನುವ ಮಾತು ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ನಾಗಣ್ಣನ ಪುಸ್ತಕ ಇಸಿದುಕೊಂಡು ನೋಡಿದೆ. ಚೀಟಿ ಸಿಕ್ಕವರ ಹೆಸರು ಮಾತ್ರ ಇದೆ. ಸಿಗದೆ ಹೋದವರ ಗುರುತು ಎಲ್ಲಿಯೂ ಇಲ್ಲ. ಯಂತ್ರಕ್ಕೆ ಬರೆದ ನನ್ನ ಕ್ರಮವಿಧಿಯಲ್ಲಿ ಕ್ಲಿಯರ್ ಮಾಡಿದ ಕೆಲಸವನ್ನು ಇಲ್ಲಿ ಕಿಟಕಿ ಮಾಡುತ್ತಿತ್ತು. ನಾನು ಇದನ್ನು ನೋಡಿಕೊಂಡೇ ಅದನ್ನು ಬರೆದದ್ದು, ಆದರೂ ಕಾಟಮ್ಮ ಬಾಯಿಬಿಡುವವರೆಗೆ ನನಗೆ ಕಂಡಿರಲಿಲ್ಲ.

ಅವಳ ಜೊತೆಗೇ ಧರ್ಮಪುರದ ಬಸ್ಸು ಹತ್ತಿದೆ. ಅತ್ತೆಯವರಿಗೆ ನಾಗಣ್ಣನ ಕೈಲಿ ಹೇಳಿ ಕಳಿಸಿದ್ದೆ, ಆದರೂ ಬಂದ ಮೇಲೆ ಬೈಸಿಕೊಂಡೆ. ಧರ್ಮಪುರದಲ್ಲಿ ಇಳಿದು ಎರಡು ಮೈಲಿ ನಡೆದರೆ ಅವರ ಹಟ್ಟಿ. ಅವಳ ಗಂಡ ಬೋರಪ್ಪ ಕುರಿ ಕೂಡುವ ರೊಪ್ಪದ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಐವತ್ತು ದಾಟಿರಬಹುದು, ಗಟ್ಟಿಮುಟ್ಟಾದ ಆಳು. ಕುರಿಗೆ ಅಂತ ಜಾಲಿ ಕೊಂಬೆ ಕಡಿಯುವಾಗ ಮುಳ್ಳು ಬಲಗಣ್ಣಿಗೆ ಹೊಡೆದಿತ್ತು. ಮರುದಿನವೇ ಆಸ್ಪತ್ರೆಗೆ ಬಂದಿದ್ದಾನೆ. ಧರ್ಮಪುರದ ಬಸ್ಸು ಹಿರಿಯೂರು ಮುಟ್ಟುವುದೇ ಹತ್ತೂವರೆಗೆ, ಅಷ್ಟರಲ್ಲಿ ಮುಂದೆ ಎಪ್ಪತ್ತು ಜನ. ಒಂದು ಗಂಟೆ ಆಯಿತು. ಎರಡು ದಿನ ಬಿಟ್ಟು ಬಂದ, ಒಂದು ಗಂಟೆ ಆಯಿತು. ಮತ್ತೆ ಬಂದ. ಅಷ್ಟು ಹೊತ್ತಿಗೆ ಕಣ್ಣುಗುಡ್ಡೆಯ ಮೇಲೆ ಬೆಳ್ಳಗೆ ಕಟ್ಟಿತ್ತಂತೆ. ನಾನು ಹೋದಾಗ ಆ ಕಣ್ಣಿಗೆ ಬಿಸಿಲೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಡಾಕ್ಟರಮ್ಮ ಅಂದುಕೊಂಡು, "ಕುಂತ್ಕಳ್ರಿ ತಾಯಿ. ಕಣ್ಣು ಇದ್ದಾಗ ಬಂದೆ, ನೋಡಾಕೆ ಆಗ್ಲಿಲ್ಲ ನಿಮಗೆ. ಈಗ ಬಂದು ಏನ್ ತೋರಿಸ್ಲಿ" ಅಂದ. ಸಿಟ್ಟಿನಿಂದ ಅಂದದ್ದಲ್ಲ. ನಾನು ಡಾಕ್ಟರಲ್ಲ, ಆ ಸಾಲಿನ ಲೆಕ್ಕ ಹಾಕಿದವಳು ಅಂತ ಹೇಳಿದೆ. "ಹಂಗಾದ್ರೆ ಲೆಕ್ಕದಾಗೆ ನಾನು ಇದೀನಾ?" ಅಂತ ಕೇಳಿದ. ಕಾಟಮ್ಮ ಮಜ್ಜಿಗೆ ತಂದುಕೊಟ್ಟಳು. ಕುಡಿದು ಎದ್ದೆ.

ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಅತ್ತೆಯವರೇ, ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಕ್ಲಿಯರ್ ಅನ್ನುವ ಆ ಪದ ಪಟ್ಟಿಯಲ್ಲಿದ್ದ ಒಬ್ಬೊಬ್ಬರ ಕೊಂಡಿ ಬಿಡಿಸುತ್ತದೆ, ಅಷ್ಟೆ. ಯಾರನ್ನೂ ಅಳಿಸುವುದಿಲ್ಲ. ಬಿಡಿಸಿಕೊಂಡವನು ತನ್ನ ಊರು, ತನ್ನ ಹೊತ್ತು, ತನ್ನ ನೋವು ಎಲ್ಲ ಇಟ್ಟುಕೊಂಡು ಹಾಗೇ ಇರುತ್ತಾನೆ. ಆದರೆ ಬೇರೆ ಯಾರಾದರೂ ಅವನನ್ನು ಹಿಡಿದುಕೊಂಡಿದ್ದರೆ ಮಾತ್ರ ಅವನು ಮತ್ತೆ ಸಿಗುತ್ತಾನೆ. ಯಾರೂ ಹಿಡಿದುಕೊಂಡಿಲ್ಲ ಅಂತಾದರೆ ಯಂತ್ರ ಅವನಿದ್ದ ಜಾಗವನ್ನೂ ಗುಡಿಸಿ ಬೇರೆಯವರಿಗೆ ಕೊಟ್ಟುಬಿಡುತ್ತದೆ. ಆ ಪದದಲ್ಲಿ ತಪ್ಪಿಲ್ಲ, ಅದನ್ನು ಹೇಳಿಕೊಟ್ಟ ನಿಮ್ಮಲ್ಲೂ ತಪ್ಪಿಲ್ಲ. ಖಾಲಿ ಮಾಡುವ ಮೊದಲು ಒಳಗೆ ಯಾರಿದ್ದಾರೆ ಅಂತ ನಾನು ನೋಡಲಿಲ್ಲ. ಬೋರಪ್ಪ ಮೂರು ಸಲ ನನ್ನ ಸಾಲಿಗೂ ಬಂದಿರಬೇಕು. ಮೂರು ಸಲವೂ ಹೊಸಬ ಅಂತ ಸೇರಿಸಿಕೊಂಡು ಮೂರು ಸಲವೂ ಸೊನ್ನೆ ಅಂತ ಅಚ್ಚು ಹಾಕಿಸಿದೆ.

ಮರುದಿನದಿಂದ ಆರು ದಿನ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತೆ. ಒಂದು ಗಂಟೆಗೆ ಹಿಂದಿರುಗುವವರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ಊರು, ಎಷ್ಟನೇ ಸಲ, ಮತ್ತೆ ಯಾವಾಗ ಬರುತ್ತೀರಿ ಅಂತ ಕೇಳಿ ಬರೆದುಕೊಂಡೆ. ನೂರ ಅರವತ್ತಮೂರು ಜನ. ಅವರಲ್ಲಿ ಎಪ್ಪತ್ತೊಂದು ಜನ ಮೊದಲೇ ಒಂದು ಸಲವಾದರೂ ಬಂದು ಹೋದವರು. ನಾಗಣ್ಣ ಮೊದಲೆರಡು ದಿನ ಮುಖ ಗಂಟು ಹಾಕಿಕೊಂಡಿದ್ದ, ಮೂರನೇ ದಿನ ತಾನೇ ಕೂಗಿ ಕರೆದು ನನ್ನ ಹತ್ತಿರ ಕಳಿಸಲು ಶುರುಮಾಡಿದ. ಏಳನೇ ದಿನ ಆ ಹಾಳೆಗಳನ್ನು ತೆಗೆದುಕೊಂಡು ಪಂಚಾಕ್ಷರಪ್ಪನವರ ಮನೆಗೆ ಹೋದೆ. ವರದಿ ಬೈಂಡಾಗಿ ಮೇಜಿನ ಮೇಲಿತ್ತು, ಮೇಲೆ ನನ್ನ ಹೆಸರು. ಅದು ತಪ್ಪು ಸಾರ್, ಸಭೆಗೆ ಇಡಬೇಡಿ ಅಂದೆ. "ಮೊದ್ಲು ನೀನೇ ಸರಿ ಅಂದೆ, ಈಗ ನೀನೇ ತಪ್ಪು ಅಂತೀಯ. ನಾನು ನಾಕು ಜನರ ಮುಂದೆ ಹೇಳಿ ಆಗೈತೆ. ಮರುಳಸಿದ್ದಮ್ಮ, ಇದು ಹುಡುಗಾಟ ಅಲ್ಲ" ಅಂದರು. ಅವರು ನನ್ನ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ. ಹಾಗಾದರೆ ಸಭೆಯಲ್ಲಿ ನಾನೇ ನಿಂತು ಹೇಳುತ್ತೇನೆ, ನಿಮ್ಮ ಮೇಲೆ ಮಾತು ಬರದ ಹಾಗೆ ಹೇಳುತ್ತೇನೆ ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡು ಬಂದೆ.

ಸಭೆ ನಡೆದದ್ದು ಮೊನ್ನೆ ಗುರುವಾರ. ಒಂಬತ್ತು ಜನ ಟ್ರಸ್ಟಿಗಳು, ಡಾಕ್ಟರು, ನಾನು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ನಿಂತುಕೊಂಡು, ಈ ವರದಿ ತಪ್ಪು, ಬರೆದವಳು ನಾನು, ತಪ್ಪೂ ನನ್ನದೇ ಅಂದೆ. ಒಬ್ಬ ಹಿರಿಯರು, "ಅಷ್ಟು ದೊಡ್ಡ ಯಂತ್ರ ತಪ್ಪು ಹೇಳ್ತದೇನಮ್ಮ?" ಅಂತ ಕೇಳಿದರು. ಯಂತ್ರ ತಪ್ಪು ಹೇಳಿಲ್ಲ, ಒಂದು ಗಂಟೆಗೆ ಉಳಿದವರನ್ನೆಲ್ಲ ತೆಗೆ ಅಂತ ನಾನು ಹೇಳಿದೆ, ತೆಗೆಯಿತು, ತೆಗೆದವರು ಎಲ್ಲಿ ಹೋದರು ಅಂತ ನಾನು ಕೇಳಲಿಲ್ಲ, ಅದೂ ಹೇಳಲಿಲ್ಲ ಅಂದೆ. ಆಮೇಲೆ ನೂರ ಅರವತ್ತಮೂರು ಹೆಸರು ಓದಲು ಶುರುಮಾಡಿದೆ. ಹದಿನೈದಿಪ್ಪತ್ತು ಹೆಸರಾಗುವಾಗ ಒಬ್ಬರು ಕೈಯೆತ್ತಿ ಸಾಕು ಅಂದರು. ಆರು ದಿನದ ಈ ಪಟ್ಟಿಗೂ ಮೊದಲೇ ಬರುವುದು ಬಿಟ್ಟವನೊಬ್ಬನಿದ್ದಾನೆ ಅಂತ ಬೋರಪ್ಪನ ಕಥೆ ಹೇಳಿದೆ. ಆಗ ಡಾಕ್ಟರು ಎದ್ದರು. ಅವರು ಮಾತಿನವರಲ್ಲ. ಮುಳ್ಳು ತಾಗಿದ ಕಣ್ಣನ್ನು ಮೊದಲ ದಿನವೇ ನೋಡಿದ್ದರೆ ಉಳಿಯುವ ಸಂಭವ ಬಹಳ ಇತ್ತು ಅಂತ ಇಷ್ಟೇ ಹೇಳಿ ಕೂತರು. ಪಂಚಾಕ್ಷರಪ್ಪನವರು ಬೈಂಡು ಮಾಡಿದ ಪುಸ್ತಕ ಎಳೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು.

ನಿನ್ನೆ ಬೆಳಗ್ಗೆ ಅವರೇ ಮನೆಗೆ ಬಂದರು. ಅತ್ತೆಯವರು ಕಾಫಿ ಕೊಟ್ಟು ಬಾಗಿಲ ಮರೆಯಲ್ಲೇ ನಿಂತಿದ್ದರು, ಹಾಗಾಗಿ ಈ ಭಾಗಕ್ಕೆ ಅವರೇ ಸಾಕ್ಷಿ. ನಾಳೆಯಿಂದ ಕಿಟಕಿ ಮುಚ್ಚುವ ಮೊದಲು ಉಳಿದವರಿಗೆಲ್ಲ ಮರುದಿನದ ತಾರೀಕಿನ ಚೀಟಿ ಕೊಡುತ್ತಾರೆ, ಅದು ಇದ್ದವರನ್ನು ಎಷ್ಟು ಹೊತ್ತಿಗೆ ಬಂದರೂ ಮೊದಲು ಕರೆಯುತ್ತಾರೆ. ಕಣ್ಣಿಗೆ ಪೆಟ್ಟು ಬಿದ್ದವರಿಗೆ ಸಾಲೇ ಇಲ್ಲ, ನೇರ ಒಳಗೆ. ಮಧ್ಯಾಹ್ನದ ಕಿಟಕಿ, ಧರ್ಮಪುರದಲ್ಲೇ ವಾರಕ್ಕೊಂದು ದಿನ ಡಾಕ್ಟರು ಕೂರುವುದು, ಇವೆರಡನ್ನೂ ನಿಜವಾದ ಅಂಕಿ ಬಂದ ಮೇಲೆ ತೀರ್ಮಾನಿಸುತ್ತಾರೆ. ಹೊರಡುವಾಗ, "ಆ ಬೋರಪ್ಪನ ಇನ್ನೊಂದು ಕಣ್ಣನ್ನ ಡಾಕ್ಟರು ಹೋಗಿ ನೋಡಿ ಬಂದ್ರಮ್ಮ. ಅದು ಚೆನ್ನಾಗೈತೆ" ಅಂದರು. ತಾವೂ ಜೊತೆಗೆ ಹೋಗಿದ್ದುದನ್ನು ಹೇಳಲಿಲ್ಲ, ಅದು ನಾಗಣ್ಣನಿಂದ ಗೊತ್ತಾಯಿತು.

ಹೊಸ ಹಾಳೆಗಳು ಇದರ ಜೊತೆಗಿವೆ. ಈ ಸಲ ಎರಡು ಪಟ್ಟಿ. ಒಂದು ಗಂಟೆಗೆ ಸಾಲಿನ ಮೊದಲನೆಯವನನ್ನು ಹಿಡಿದು "ಮತ್ತೆ ಬರುವವರು" ಅನ್ನುವ ಪಟ್ಟಿಗೆ ಸೇರಿಸುತ್ತೇನೆ. ಅಲ್ಲಿ ಸೇರುತ್ತಿದ್ದಂತೆ ಇಲ್ಲಿಯ ಕೊಂಡಿ ತಾನಾಗಿ ಬಿಡುತ್ತದೆ. ಆಮೇಲೆ ಈಗ ಯಾರು ಮೊದಲು ಅಂತ ಸಾಲನ್ನೇ ಕೇಳುತ್ತೇನೆ, ಹೊರಟವನನ್ನಲ್ಲ. ಯಾರೂ ಇಲ್ಲ ಅನ್ನುವವರೆಗೆ ಹೀಗೇ. ಒಬ್ಬೊಬ್ಬನಿಗೂ ಎಷ್ಟನೇ ಸಲ ಬಂದ ಅನ್ನುವ ಅಂಕಿ ಅಂಟಿಸಿದ್ದೇನೆ. ಬರುವುದನ್ನು ಬಿಟ್ಟವರಿಗೂ ಒಂದು ಜಾಗ ಇದೆ, ಪ್ರತಿದಿನದ ಕೊನೆಗೆ ಅವರನ್ನೂ ಎಣಿಸಿ ಅಚ್ಚು ಹಾಕುತ್ತದೆ. ಸಾಲು ಖಾಲಿಯಾಗುತ್ತದೆ, ಡಾಕ್ಟರ ಕೈಯಲ್ಲಿ ಅದೇ ಪಟ್ಟಿ ಇರುತ್ತದೆ, ಯಾರೂ ಕಳೆದುಹೋಗುವುದಿಲ್ಲ. ಮೂರು ಸಲ ಕೈಯಲ್ಲೇ ನಡೆಸಿ ನೋಡಿದ್ದೇನೆ. ಇದು ಓಡುತ್ತದೆ. ನೀವು ತಿದ್ದಬೇಡಿ, ಅಲ್ಪವಿರಾಮವನ್ನೂ ತಿದ್ದಬೇಡಿ. ತಪ್ಪಿದ್ದರೆ ಅದು ನನ್ನ ಹೆಸರಿನಲ್ಲೇ ಬರಲಿ.

ಅತ್ತೆಯವರ ಆಶೀರ್ವಾದಗಳು, ಅದರ ಹಿಂದೆಯೇ ಇನ್ನೊಂದು ಸಲ ಕಷಾಯ. ಆರೋಗ್ಯ ನೋಡಿಕೊಳ್ಳಿ. ಕಾಗದ ಬೇಗ ಬರೆಯಿರಿ, ಉದ್ದಕ್ಕೆ ಬರೆಯಿರಿ.

ಸದಾ ನಿಮ್ಮವಳೇ ಆದ
ಮರುಳಸಿದ್ದಮ್ಮ

ಮರೆತ ಮಾತು: ಇದನ್ನು ಸೋಮವಾರ ಅಂಚೆ ಕಚೇರಿಯಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ, ಟಪಾಲಿನ ಚೀಲ ಕಟ್ಟಲು ಹತ್ತು ನಿಮಿಷ ಇದೆ ಅಂದಿದ್ದಾರೆ. ಮರೆತದ್ದೇನೂ ಅಲ್ಲ, ನಿನ್ನೆ ಬರೆಯಲು ಕೈ ಬರಲಿಲ್ಲ. ಜೂನಿಗೆ ಕ್ವಾರ್ಟರ್ಸ್ ಸಿಗುತ್ತದೆ, ಬಂದುಬಿಡು ಅಂತ ಬರೆದಿದ್ದಿರಿ. ಟ್ರಸ್ಟಿನವರು ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕಿನಲ್ಲೂ ಒಂದು ವರ್ಷ ಇದೇ ಕೆಲಸ ಮಾಡಿಕೊಡು ಅಂತ ಕೇಳಿದರು. ಒಪ್ಪಿಕೊಂಡಿದ್ದೇನೆ. ಅತ್ತೆಯವರಿಗೋಸ್ಕರ ನಿಲ್ಲುತ್ತಿದ್ದೇನೆ ಅಂತ ಬರೆಯಬಹುದಿತ್ತು, ಊರಿನವರೂ ಮೆಚ್ಚುತ್ತಿದ್ದರು, ಆದರೆ ಅದು ಸುಳ್ಳು. ಕೆಲಸಕ್ಕೋಸ್ಕರ ನಿಲ್ಲುತ್ತಿದ್ದೇನೆ. ನಿಮ್ಮನ್ನು ಕೇಳಿ ಒಪ್ಪಬೇಕಿತ್ತು, ಕೇಳಲಿಲ್ಲ, ಅದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸಿಟ್ಟು ಬಂದರೆ ಅದನ್ನೂ ಬರೆಯಿರಿ, ಸುಮ್ಮನಿರಬೇಡಿ. ಮೇ ತಿಂಗಳಲ್ಲಿ ರಜೆ ಹಾಕಿ ಬನ್ನಿ. ಚಿಕ್ಕಜಾಜೂರಿನಲ್ಲಿ ಗಾಡಿ ಇಳಿಯುವಾಗ ಪ್ಲಾಟ್‌ಫಾರಂ ಮೇಲೆ ನಾನೇ ಬಂದು ನಿಂತಿರುತ್ತೇನೆ, ಗಾಡಿ ಎಷ್ಟು ತಡವಾದರೂ.